ಹೊಗೆ ಬಾರದ ಒಲೆ

ಒಲೆ ಹೊಗೆ ಕಾರಲಿಲ್ಲ. ಆದದ್ದು ಅಷ್ಟೇ. ಅಲ್ಲಿಂದಲೇ ಒಲೆಯಪ್ಪನ ಗ್ರಹಚಾರ ಕೆಟ್ಟಿತು.

ಒಲೆಯಪ್ಪ ಅನ್ನುವುದು ಓಣಿಯವರು ಇಟ್ಟ ಹೆಸರು. ಕಟ್ಟಿಗೆ ಒಲೆಗಳ ವಿನ್ಯಾಸ ಮಾಡುವುದೇ ಕಚೇರಿಯಲ್ಲಿ ಅವನ ಕೆಲಸ. ಒಲೆಯ ಮುಂದೆ ಕೆಮ್ಮಿ ಕೆಮ್ಮಿ ತಾಯಿ ಸೊರಗಿದ್ದನ್ನು ಕಂಡವನು. ಹೊಗೆಯ ಮೇಲೆ ಅವನಿಗೆ ದಾಯಾದಿ ದ್ವೇಷ. ವರ್ಷಗಟ್ಟಲೆ ತಗಡು ಬಡಿದು, ಡಬ್ಬಿಯೊಳಗೊಂದು ಡಬ್ಬಿ ಕೂರಿಸಿ, ಸುತ್ತ ತೂತು ಕೊರೆದು, ಆ ತೂತುಗಳಿಂದ ನುಗ್ಗುವ ಗಾಳಿ ಹೊಗೆಯನ್ನೇ ಸುಟ್ಟುಬಿಡುವಂಥ ಒಲೆ ಮಾಡಿದ್ದ. ನಿಜವಾದ ಅಡುಗೆಮನೆಯಲ್ಲೇ ನೋಡಬೇಕು ಎಂದು ದೊಡ್ಡ ಸಾಹೇಬರು ಇವತ್ತು ಸಂಜೆ ಅವನ ಮನೆಗೇ ಬಂದಿದ್ದರು. ಅವರು ಒಪ್ಪಿದರೆ ಊರೂರಿಗೆ ಈ ಒಲೆ. ಇಲ್ಲದಿದ್ದರೆ ಅವನ ವಿಭಾಗಕ್ಕೆ ಬೀಗ.

ಒಲೆಯ ಮೇಲೆ ಮುಚ್ಚಿದ ಪಾತ್ರೆಯಲ್ಲಿ ಬೇಳೆ ಬೇಯುತ್ತಿತ್ತು. ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು.

“ಹಚ್ಚೋದು ಯಾವಾಗ?”

“ಆಗಲೇ ಹಚ್ಚಾಯ್ತು ಸಾರ್.”

“ಮತ್ತೆ ಹೊಗೆ ಎಲ್ರೀ?”

“ಅದೇ ಸಾರ್, ಬರಲ್ಲ.”

ಸಾಹೇಬರು ಹಲ್ಲಿ ಬಿದ್ದ ಹಾಲನ್ನು ನೋಡುವಂತೆ ಒಲೆಯನ್ನು ನೋಡಿದರು.

ಅಷ್ಟರಲ್ಲಿ ಕಿಟಕಿಯಲ್ಲೊಂದು ತಲೆ ಮೂಡಿತು. ಪಕ್ಕದ ಮನೆಯ ನಿವೃತ್ತ ಲೈನ್‌ಮನ್. ಕರೆಯದೆ ಬರುವುದರಲ್ಲಿ ನೆಗಡಿಗೂ ಅಣ್ಣ.

“ಕರೆಂಟು ಸಾರ್! ಒಳಗೆ ಕಾಯಿಲ್ ಇದೆ. ನನ್ನ ಸರ್ವೀಸಲ್ಲಿ ಇಂಥ ಕಳ್ಳರನ್ನ ಎಷ್ಟು ಜನ ಹಿಡಿದಿಲ್ಲ!”

“ಸೌದೆ ಕಾಣ್ತಾ ಇಲ್ವಾ ನಿಮಗೆ?” ಒಲೆಯಪ್ಪನ ಹೆಂಡತಿ ಸೌಟು ಎತ್ತಿದಳು.

“ಅದು ಶೋಕಿಗೆ ಇಟ್ಟಿರೋದಮ್ಮ!”

ಲೈನ್‌ಮನ್ ಹಿಂಬಾಗಿಲಿಂದ ಒಳಗೆ ಬಂದೇಬಿಟ್ಟರು. ಒಲೆಯಪ್ಪ ಅಡ್ಡ ನಿಂತ.

“ಬಿಡ್ರೀ, ನೋಡ್ಲಿ. ನಿಮಗ್ಯಾಕೆ ಗಾಬರಿ?” ಎಂದರು ಸಾಹೇಬರು.

ಹೆಂಡತಿ ಗೊಣಗುತ್ತ ಪಾತ್ರೆ ಇಳಿಸಿದಳು. ಲೈನ್‌ಮನ್ ಹೆಗಲ ಟವೆಲನ್ನು ನಲ್ಲಿಯಡಿ ಹಿಡಿದು, ಒಲೆಯ ಸೊಂಟಕ್ಕೆ ಬಿಗಿಯಾಗಿ ಸುತ್ತಿ, ಅಡಿಯಲ್ಲಿ ತಂತಿ ಹುಡುಕಲು ಎತ್ತಿದರು. ತೂತುಗಳೆಲ್ಲ ಮುಚ್ಚಿಹೋದವು.

ಒಲೆ ಒಮ್ಮೆ ಬಿಕ್ಕಿತು. ಆಮೇಲೆ ಇಷ್ಟು ದಿನ ನುಂಗಿಕೊಂಡದ್ದನ್ನೆಲ್ಲ ಕಕ್ಕಿತು. ಯಾರ ಕೈ ಯಾರ ಮೂಗಿಗೆ ತಾಗಿತೋ! ಕೆಮ್ಮುತ್ತ, ಸೀನುತ್ತ ಎಲ್ಲರೂ ಹಿತ್ತಲಿಗೆ ಬಿದ್ದರು. ಹಿಂದೆಯೇ ಲೈನ್‌ಮನ್, ಕೈಯಲ್ಲಿ ಹೊಗೆಯಾಡುವ ಒಲೆ.

“ಈಗಲಾದ್ರೂ ನಂಬ್ತೀರಾ ಸಾರ್?” ಒಲೆಯಪ್ಪ ಕಣ್ಣೊರೆಸಿಕೊಂಡು ಕೂಗಿದ. “ಕಟ್ಟಿಗೇನೇ! ತಂತಿಯಿಲ್ಲ, ಮಣ್ಣಿಲ್ಲ!”

ಸಾಹೇಬರು ತಮ್ಮ ಕೈ ನೋಡಿಕೊಂಡರು, ಕತ್ತು ಸವರಿಕೊಂಡರು, ಚರಂಡಿಯತ್ತ ಬಗ್ಗಿ ನೋಡಿದರು.

“ಒಂದೂ ಸೊಳ್ಳೆ ಇಲ್ಲ ಕಣ್ರೀ!”

“ಸಾರ್?”

“ಸಂಜೆ ಹೊತ್ತು, ಚರಂಡಿ ಪಕ್ಕ, ಒಂದೂ ಕಚ್ಚಲಿಲ್ಲ! ಸೊಳ್ಳೆಗೆ ಏನಾದ್ರೂ ಮಾಡಿ ಅಂತ ನಗರಸಭೆಯವರು ನನ್ನ ಪ್ರಾಣ ತಿಂತಿದ್ರು. ಓಣಿಗೊಂದು ಈ ಹೊಗೆ ಒಲೆ ಇಡಿಸೋಣ. ನಿಮ್ಮ ವಿಭಾಗ ಉಳೀತು!”

“ಅದು ಅಡುಗೆಗೆ ಸಾರ್…”

“ಅಡುಗೆ ಗಿಡುಗೆ ಬಿಡ್ರೀ. ಆದ್ರೆ ಹೊಗೆ ಬರಿಸೋದು ನಿಮ್ಮ ಕೈಲಿ ಆಗಲ್ಲ, ನಾನೇ ನೋಡಿದ್ನಲ್ಲ. ನಾಳೆಯಿಂದ ವಿಭಾಗಕ್ಕೆ ಇವರೇ ಮುಖ್ಯಸ್ಥರು.”

ಲೈನ್‌ಮನ್ ಗಂಟಲು ಸರಿಮಾಡಿಕೊಂಡು ಒಲೆಯಪ್ಪನ ಬೆನ್ನು ತಟ್ಟಿದರು.

“ಬೆಳಿಗ್ಗೆ ಸ್ವಲ್ಪ ಬೇಗ ಬಂದ್ಬಿಡಪ್ಪ. ಸೌದೆ ನೆನೆಹಾಕೋದಿದೆ.”