ಮಂಡಿನೋವಿನವರು ಹತ್ತಲಾರದ ಎತ್ತರ

ಮೆಲ್ಲಣ್ಣನ ಪಿಕಪ್ ಗಾಡಿ ಹಿಂದುಗಡೆ ಎಡಕ್ಕೆ ವಾಲುತ್ತಿತ್ತು. ಇಷ್ಟೇ ಆಗಿದ್ದರೆ ಇದೊಂದು ಕತೆಯೇ ಆಗುತ್ತಿರಲಿಲ್ಲ. ಹಳೇ ಗಾಡಿಗಳು ವಾಲುವುದು ಇದ್ದದ್ದೇ. ಆದರೆ ಈ ಗಾಡಿ ಸುಮ್ಮನೆ ನಿಂತಾಗ ನೆಟ್ಟಗಿರುತ್ತಿತ್ತು. ಕೀಲಿ ತಿರುಗಿಸಿ ಇಂಜಿನ್ನು ಶುರುವಾದ ಮೇಲೆ, ಹಿಂದುಗಡೆ ‘ಉಸ್ಸಪ್ಪಾ’ ಎಂದು ಯಾರೋ ಉಸಿರು ಬಿಟ್ಟ ಸದ್ದಾಗಿ, ಗಾಡಿ ನಿಧಾನವಾಗಿ ಎಡಕ್ಕೆ ಕುಸಿಯುತ್ತಿತ್ತು. ತಿರುಗಿ ನೋಡಿದರೆ ಹಿಂದೆ ಒಂದು ಮಡಿಚಿದ ಟಾರ್ಪಾಲು, ಅದರ ನಡುವೆ ಒಂದು ತಗ್ಗು. ಈಗತಾನೆ ಯಾರೋ ಕೂತ ದಿಂಬಿನಲ್ಲಿ ಇರುತ್ತದಲ್ಲ, ಅಂಥದ್ದು.

ಮೆಲ್ಲಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಗಾಡಿಯನ್ನು ಅಷ್ಟು ಮೆಲ್ಲಗೆ ಓಡಿಸುತ್ತಿದ್ದ. ಆ ಗುಣವೇ ಅವನಿಗೆ ಕನ್ನಡಿ ಅಂಗಡಿಯ ಬಾಗಿಲು ತೆರೆಸಿತ್ತು. ಅಂಗಡಿಯ ಸಾಹುಕಾರರು ಆಳೆತ್ತರದ ಕನ್ನಡಿಗಳನ್ನು ಮನೆಮನೆಗೆ ಮುಟ್ಟಿಸಲು ವರ್ಷಪೂರ್ತಿ ಒಂದು ಗಾಡಿ ಹುಡುಕುತ್ತಿದ್ದರು. ಅವರೋ, ಬೇರೆಯವರು ಪೆನ್ನು ಇಡುವ ಜೇಬಿನಲ್ಲಿ ರಸಮಟ್ಟ ಇಟ್ಟುಕೊಂಡು ಓಡಾಡುವ ಆಸಾಮಿ. ನೆಲ ಮಟ್ಟವಾಗಿದೆಯೇ ಎಂದು ಗಾರೆಯವರು ನೋಡುತ್ತಾರಲ್ಲ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಆ ಪಟ್ಟಿ.

ಅಂದು ಬೆಳಗ್ಗೆ ಸಾಹುಕಾರರು ಗಾಡಿಯ ಹಿಂದಿನ ಹಲಗೆಯ ಮೇಲೆ ರಸಮಟ್ಟ ಅಡ್ಡಲಾಗಿ ಇಟ್ಟರು. "ಇಂಜಿನ್ ಹಾಕಪ್ಪ. ನಿಂತ ಗಾಡಿ ಸುಳ್ಳು ಹೇಳುತ್ತೆ. ಓಡೋ ಗಾಡೀನೇ ಅಳೀಬೇಕು" ಎಂದರು.

ಮೆಲ್ಲಣ್ಣ ಜೀವ ಕೈಯಲ್ಲಿ ಹಿಡಿದು ಕೀಲಿ ತಿರುಗಿಸಿದ. ಉಸ್ಸಪ್ಪಾ. ಎಡಗಡೆ ಕುಸಿಯಿತು. ಗುಳ್ಳೆ ಬಲಕ್ಕೆ ಓಡಿ ಮೂಲೆ ಸೇರಿತು.

"ಇದರಲ್ಲಿ ನನ್ನ ಕನ್ನಡಿ ಹೋದರೆ ಚೂರಾಗಿ ಹೋಗುತ್ತೆ. ಸಂಜೆ ಅಂಗಡಿ ಮುಚ್ಚೋದರೊಳಗೆ ಮಟ್ಟ ಮಾಡಿಸಿಕೊಂಡು ಬಾ. ಇಲ್ಲಾಂದ್ರೆ ಕೆಲಸ ನಿನ್ನ ಬಾಮೈದನಿಗೆ" ಎಂದರು ಸಾಹುಕಾರರು.

ಬಾಮೈದ ಅಲ್ಲೇ ತನ್ನ ಹೊಸ ಗಾಡಿಗೆ ಒರಗಿ ಹಲ್ಲು ಕಡ್ಡಿ ಆಡಿಸುತ್ತಿದ್ದ. "ಬೇಜಾರು ಮಾಡ್ಕೋಬೇಡಿ ಭಾವ. ನಂಗೂ ಒಬ್ಬ ಕ್ಲೀನರ್ ಬೇಕು. ನಿಮಗಾದರೆ ಮನೆಯವರು ಅಂತ ಬೆಲೆ ಕೊಡ್ತೀನಿ" ಎಂದ.

ಬಾಮೈದನ ಗಾಡಿಯಲ್ಲಿ ಕ್ಲೀನರ್! ಹೆಂಡತಿಯ ತಮ್ಮ ಸ್ಟಿಯರಿಂಗ್ ಹಿಡಿದು ಕೂತಿರುವಾಗ ತಾನು ಹಿಂದೆ ನಿಂತು "ಬರಲಿ, ಬರಲಿ" ಎಂದು ಗಾಡಿ ತಟ್ಟುವುದು ಮೆಲ್ಲಣ್ಣನ ಕಣ್ಣಿಗೆ ಕಟ್ಟಿತು. ದೆವ್ವದ ಭಯಕ್ಕಿಂತ ಇದೇ ದೊಡ್ಡದಾಗಿತ್ತು ಎಂದರೆ ತಪ್ಪಿಲ್ಲ.

ಮನೆಗೆ ಬಂದದ್ದೇ ತಡ, ಎದುರುಮನೆ ಮಾವ ಗೇಟು ತೆರೆದುಕೊಂಡು ಬಂದರು. ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಅಲ್ಲಿಗೆ ಮೊದಲು ಹೋಗುತ್ತಿದ್ದುದು ಅವರ ಮೂಗು. ಗಾಡಿಯ ಕೆಳಗೆ ಬಗ್ಗಿ, ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳನ್ನು ನೋಡಿ, "ಕಮಾನು ಪಟ್ಟಿ ಸತ್ತಿದೆ ಕಣಯ್ಯ" ಎಂದು ತೀರ್ಪು ಕೊಟ್ಟರು.

"ಪಟ್ಟಿ ಸತ್ತಿದ್ರೆ ನಿಂತಾಗಲೂ ವಾಲಬೇಕಲ್ಲ ಮಾವ?"

"ನಿಂಗೆ ಗೊತ್ತೋ, ನಂಗೆ ಗೊತ್ತೋ?"

ಒಳಗಿನಿಂದ ಹೆಂಡತಿ ಬಂದು ದನಿ ತಗ್ಗಿಸಿ ಹೇಳಿದಳು. "ರೀ, ಪಟ್ಟಿ ಸತ್ತಿರೋದಲ್ಲ. ಸತ್ತಿರೋರು ಬೇರೆ. ಗಾಡಿ ಮಾರಿದ ಆ ಅಮ್ಮನ್ನ ಹೋಗಿ ಕೇಳಿ."

ಗಾಡಿ ಮಾರಿದ ಅಮ್ಮ ಹಿಂದಿನ ಬೀದಿಯಲ್ಲಿದ್ದರು. ಸೌದೆ ಮಂಡಿ ನಡೆಸುತ್ತಿದ್ದ ಅವರ ಯಜಮಾನರು ತೀರಿಕೊಂಡ ಮೇಲೆ ಗಾಡಿ ಮೆಲ್ಲಣ್ಣನ ಕೈಗೆ ಬಂದಿತ್ತು. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಬಾಗಿಲು ತೆರೆದ ಅಮ್ಮ ಅವನ ಮುಖ ನೋಡಿದ ಕೂಡಲೇ ಕೇಳಿದರು.

"ಎಡಗಡೆ ತಾನೇ?"

ಮೆಲ್ಲಣ್ಣ ಹೌದೆಂದು ತಲೆಯಾಡಿಸಿದ.

"ಅದು ಅವರ ಜಾಗ ಕಣಪ್ಪ. ತುಂಬಾ ದಪ್ಪ ಆಳು, ಮಂಡಿನೋವು ಬೇರೆ. ಒಂದು ಮೆಟ್ಟಿಲು ಹತ್ತಬೇಕಂದ್ರೂ ಏನಾದ್ರೂ ಹಿಡ್ಕೋಬೇಕು. ಅದಕ್ಕೇ ಗಾಡೀನ ತಗ್ಗಿಸಿ ಮಾಡಿಸಿದ್ರು. ಹಿಂದಿನ ಹಲಗೆ ಮೇಲೆ ಹಾಗೇ ಕೂತು ಕಾಲು ಎಳ್ಕೊಳ್ಳೋರು. ಇಂಜಿನ್ ಸದ್ದು ಕೇಳಿದ್ರೆ ಮನೇಲಿ ಕೂರ್ತಿರ್ಲಿಲ್ಲ. ಮುಂದೆ ಕೂತು ಊರು ನೋಡ್ಕೊಂಡು ಹೋಗ್ಬೇಕು ಅಂತ ಕೊನೇವರೆಗೂ ಆಸೆ ಇತ್ತು, ಆ ಬಾಗಿಲಲ್ಲಿ ಹಿಡ್ಕೊಳ್ಳೋಕೆ ಏನೂ ಇಲ್ದೆ ಹತ್ತೋಕಾಗ್ಲಿಲ್ಲ, ಪಾಪ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಒಳ್ಳೇ ಮನುಷ್ಯ. ಯಾರಿಗೂ ತೊಂದ್ರೆ ಕೊಟ್ಟವರಲ್ಲ."

ವಾಪಸು ಬರುವ ದಾರಿಯಲ್ಲಿ ಮೆಲ್ಲಣ್ಣನ ತಲೆಯಲ್ಲಿ ಜನ್ಮಕ್ಕೊಮ್ಮೆ ಹೊಳೆಯುವಂಥ ಉಪಾಯ ಹೊಳೆಯಿತು. ತಗ್ಗಿದ್ದರಿಂದ ಹತ್ತುತ್ತಿದ್ದಾರೆ. ಎತ್ತರ ಮಾಡಿಸಿದರೆ?

ಗ್ಯಾರೇಜಿನ ಜಾಕಣ್ಣ ಗಾಡಿಯನ್ನು ಸುತ್ತುಹಾಕಿ ನೋಡಿದ. "ಎತ್ತಿಸೋಣ. ಕಮಾನು ಪಟ್ಟಿ ಬದಲಾಯಿಸಿ, ಅದಕ್ಕೂ ಅಚ್ಚಿಗೂ ಮಧ್ಯೆ ಕಬ್ಬಿಣದ ಬ್ಲಾಕ್ ಕೂರಿಸೋದು. ಮುಂದೆ ಸುರುಳಿ ಸ್ಪ್ರಿಂಗಿನ ಮೇಲೆ ಎತ್ತರಕ್ಕೆ ಒಂದು ದಪ್ಪ ಬಿಲ್ಲೆ, ಸ್ಪೇಸರ್ ಅಂತಾರೆ. ಎಷ್ಟು ಲೋಡ್ ಹಾಕ್ತೀಯ?"

"ಕನ್ನಡಿ. ಮತ್ತೆ... ಒಬ್ಬರು."

"ಒಬ್ಬರಾ? ಎಷ್ಟು ತೂಕ?"

"ಮೊದಲು ದಪ್ಪ ಇದ್ರು. ಈಗ ಎಷ್ಟಿದ್ದಾರೋ ಗೊತ್ತಿಲ್ಲ."

ಜಾಕಣ್ಣ ಸ್ಪ್ಯಾನರು ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದ. "ಸರಿ, ಎಷ್ಟು ಎತ್ತರ ಬೇಕು?"

"ಮಂಡಿನೋವಿನವರು ಹತ್ತಬಾರದು. ಅಷ್ಟು."

"ನಾನು ಇಷ್ಟು ವರ್ಷ ಈ ಕೆಲಸ ಮಾಡ್ತಾ ಬಂದಿದ್ದೀನಿ. ಇಂಥ ಅಳತೆ ಯಾರೂ ಕೊಟ್ಟಿಲ್ಲ" ಎಂದ ಜಾಕಣ್ಣ. ಆದರೂ ಎರಡು ಬ್ಲಾಕು ತಂದು ತೋರಿಸಿದ. ಒಂದು ಸಣ್ಣದು, ಒಂದು ಸೋಪಿನ ಪೆಟ್ಟಿಗೆಯಷ್ಟು ದಪ್ಪದ್ದು. ಮೆಲ್ಲಣ್ಣ ಎರಡನ್ನೂ ಒಂದರ ಮೇಲೊಂದು ಇಟ್ಟು, "ಹೀಗೆ?" ಎಂದ.

"ಹೀಗೆ ಮಾಡಿದ್ರೆ ಮೊದಲ ತಿರುವಿನಲ್ಲೇ ಗಾಡಿ ಮಗುಚುತ್ತೆ. ಆಗ ನೀನೂ ತೂಕ ಗೊತ್ತಿಲ್ಲದೋರ ಪೈಕಿ ಆಗ್ತೀಯ. ದಪ್ಪದ್ದು ಒಂದೇ ಸಾಕು. ಉಳಿದಿದ್ದು ಟಯರಿನಲ್ಲಿ ಎತ್ತೋಣ."

ಟಯರಿನ ವಿಷಯದಲ್ಲಿ ಮತ್ತೆ ಎಳೆದಾಟ. ಕೆಸರಿಗೆಂದು ಮಾಡಿದ, ದಪ್ಪ ಗಂಟುಗಂಟಿನ ಟಯರು ಎಲ್ಲಕ್ಕಿಂತ ಎತ್ತರವಾಗಿತ್ತು. ಆದರೆ ಅದು ಡಾಂಬರಿನ ಮೇಲೆ ಗಡಗಡ ನಡುಗಿ ಕನ್ನಡಿಯ ಹಲ್ಲು ಉದುರಿಸುತ್ತದೆಂದು ಜಾಕಣ್ಣ ತಲೆಯಾಡಿಸಿದ. ಕೊನೆಗೆ ನಯವಾದ ಗೆರೆಯಿದ್ದೂ ಪಕ್ಕದ ರಬ್ಬರು ಎತ್ತರವಾಗಿದ್ದ ಟಯರು ಆರಿಸಿದ್ದಾಯಿತು. ಎಲ್ಲ ಮುಗಿದಾಗ ಗಾಡಿ, ನೆಲಕ್ಕೆ ಕಾಲು ತಾಗಿಸಲು ಅಸಹ್ಯಪಡುವ ಕೊಕ್ಕರೆಯ ಹಾಗೆ ನಿಂತಿತ್ತು. ಹಿಂದಿನ ಹಲಗೆ ಮೆಲ್ಲಣ್ಣನ ಎದೆಯವರೆಗೆ ಬರುತ್ತಿತ್ತು.

ಅವನು ನೇತುಬಿದ್ದು, ಜಾರಿ, ಮತ್ತೆ ನೇತುಬಿದ್ದು ಹೇಗೋ ಒಳಸೇರಿ ಕೀಲಿ ತಿರುಗಿಸಿದ.

ಹಿಂದಿನ ಹಲಗೆಯ ಮೇಲೆ ಎರಡು ಅಂಗೈ ಊರಿದ ಸದ್ದಾಯಿತು. ಗಾಡಿ ಒಂದಿಷ್ಟು ತಗ್ಗಿತು. ಮೇಲೆದ್ದಿತು. ಮತ್ತೆ ತಗ್ಗಿತು. ‘ಅಯ್ಯಮ್ಮಾ’ ಎಂಬ ನರಳಿಕೆ ಕಿವಿಯ ಪಕ್ಕದಲ್ಲೇ ಕೇಳಿಸಿತು. ಆಮೇಲೆ ಗಾಡಿ ನೆಟ್ಟಗೆ ನಿಂತುಬಿಟ್ಟಿತು.

"ಯಾರದು ನರಳಿದ್ದು?" ಎಂದ ಜಾಕಣ್ಣ.

ಮೆಲ್ಲಣ್ಣ ಜೀವನದಲ್ಲಿ ಮೊದಲ ಸಲ ಗಾಡಿಯನ್ನು ಜೋರಾಗಿ ಓಡಿಸಿದ. ಸ್ವಲ್ಪ ದೂರ ಹೋಗಿ ಕನ್ನಡಿಯಲ್ಲಿ ಹಿಂದೆ ನೋಡಿದರೆ ರಸ್ತೆ ಖಾಲಿ. ಗಾಳಿಯಿಲ್ಲದ ಆ ರಸ್ತೆಯಲ್ಲಿ ಮಾತ್ರ, ಯಾರೋ ಕಾಲೆಳೆದುಕೊಂಡು ಬರುವಾಗ ಏಳುವಷ್ಟು ಧೂಳು, ಒಂದು ಕಡೆ ಎದ್ದು, ಅಡಗಿ, ಸ್ವಲ್ಪ ಈಚೆಗೆ ಮತ್ತೆ ಏಳುತ್ತಿತ್ತು. ಅವನಿಗೆ ಭಯವಾಯಿತು. ಜೊತೆಗೆ, ಹೇಳಬಾರದು, ಅಯ್ಯೋ ಎಂದೂ ಅನಿಸಿತು.

ಮನೆಯ ಮುಂದೆ ಗಾಡಿ ನಿಲ್ಲಿಸಿ, ಹೆಂಡತಿಗೆ ಸುದ್ದಿ ಹೇಳಿ, ಎರಡು ತುತ್ತು ಬಾಯಿಗೆ ಹಾಕಿಕೊಳ್ಳಲು ಒಳಗೆ ಹೋದ. ಸುದ್ದಿ ಬೆಳೆದು ಊಟ ತಡವಾಯಿತು. ಕೈತೊಳೆದು ಹೊರಬಂದರೆ ಗಾಡಿಯ ಪಕ್ಕದಲ್ಲಿ ಸುಟ್ಟ ಕಬ್ಬಿಣದ ವಾಸನೆ. ಎದುರುಮನೆ ಮಾವ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಬೀದಿ ಕೊನೆಯ ವೆಲ್ಡಿಂಗ್‌ನವನು ತನ್ನ ಸಾಮಾನು ಎತ್ತಿಕೊಂಡು ಹೋಗುತ್ತಿದ್ದ.

"ನೋಡಯ್ಯ! ಇಷ್ಟು ಎತ್ತರ ಮಾಡಿಸಿದ್ದೀಯ, ತಲೆ ಬೇಡವಾ? ಮೊದಲ ಲೋಡಿಗೆ ಸಾಹುಕಾರರು ನಿನ್ನ ಪಕ್ಕದಲ್ಲಿ ಕೂತು ಬರೋದು ಅವರ ಪದ್ಧತಿ ಅಂತ ನೀನೇ ಹೇಳಿದ್ದೆ. ವಯಸ್ಸಾದವರು ಹೇಗೆ ಹತ್ತಬೇಕು? ಅದಕ್ಕೇ ಎಡಗಡೆ ಬಾಗಿಲಿಗೆ ಎರಡು ಮೆಟ್ಟಿಲು ಹಾಕಿಸಿದೆ. ಮೇಲೆ ಹಿಡ್ಕೊಳ್ಳೋಕೆ ಒಂದು ಹಿಡಿಕೆ. ಖರ್ಚು ನಂದು!"

ಅವಸರದಲ್ಲಿದ್ದ ಮೆಲ್ಲಣ್ಣನಿಗೆ ಸಾಹುಕಾರರ ಕಾಲು ಮಾತ್ರ ಜ್ಞಾಪಕಕ್ಕೆ ಬಂತು. ಮಾವನ ಕೈ ಹಿಡಿದು, "ನೀವು ಬುದ್ಧಿವಂತರು ಮಾವ" ಎಂದ. ಆ ಮಾತನ್ನು ಮಾವ ಅದುವರೆಗೆ ಯಾರ ಬಾಯಲ್ಲೂ ಕೇಳಿರಲಿಲ್ಲ. ಅವರ ಕಣ್ಣು ತುಂಬಿಬಂತು.

ಅಂಗಡಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅಂಗಳದ ಗೋಡೆಗೆ ಆಳೆತ್ತರದ ಕನ್ನಡಿಗಳನ್ನು ಸಾಲಾಗಿ ಒರಗಿಸಿದ್ದರು. ಎಲ್ಲದರಲ್ಲೂ ಒಂದೊಂದು ಬೂದಿ ಆಕಾಶ, ಒಂದೊಂದು ಕೊಕ್ಕರೆ ಗಾಡಿ. ಬಾಮೈದ ಇನ್ನೂ ಹಲ್ಲು ಕಡ್ಡಿ ಬಿಟ್ಟಿರಲಿಲ್ಲ.

ಸಾಹುಕಾರರು ಸ್ಟೂಲು ಹಾಕಿಸಿಕೊಂಡು ರಸಮಟ್ಟ ಇಟ್ಟರು. "ಇಂಜಿನ್ ಓಡ್ತಿರಲಿ. ನೀನು ಇಳಿದು ಬಾ."

ಗುಳ್ಳೆ ನಟ್ಟನಡುವೆ ನಿಂತಿತು. ಸಾಹುಕಾರರು ಕನ್ನಡಕ ಮೇಲೇರಿಸಿ ನೋಡಿದರು, ಕೆಳಗಿಳಿಸಿ ನೋಡಿದರು. "ಭೇಷ್!" ಎಂದರು. ಬಾಮೈದನ ಬಾಯಿಂದ ಕಡ್ಡಿ ಬಿತ್ತು. ಮೆಲ್ಲಣ್ಣನಿಗೆ ಕುಣಿಯಬೇಕು ಅನಿಸಿತು.

"ಇನ್ನೊಂದು ಸಲ ನೋಡಿಬಿಡ್ತೀನಿ. ಎರಡು ಸಲ ನೋಡೋದು ನನ್ನ ಅಭ್ಯಾಸ" ಎಂದು ಸಾಹುಕಾರರು ಮತ್ತೆ ಬಗ್ಗಿದರು.

ಆಗ ಮೆಲ್ಲಣ್ಣ ಗೋಡೆಯ ಕೊನೆಯ ಕನ್ನಡಿಯಲ್ಲಿ ಅಂಗಳದ ಗೇಟನ್ನು ಕಂಡ. ಗೇಟಿನ ಬಳಿ ಧೂಳು ಎದ್ದಿತು. ಅಡಗಿತು. ಪಕ್ಕದ ಕನ್ನಡಿಯಲ್ಲಿ ಎದ್ದಿತು. ಕನ್ನಡಿಯಿಂದ ಕನ್ನಡಿಗೆ, ಕುಂಟುತ್ತಾ, ಯಾರೂ ಇಲ್ಲದ ಧೂಳು ಗಾಡಿಯ ಹಿಂಬದಿಗೆ ಬಂದು ನಿಂತಿತು. ಹಲಗೆಯನ್ನು ಯಾರೋ ಒಮ್ಮೆ ಸವರಿದ ಸದ್ದು. ಆಸೆ ಬಿಟ್ಟವರ ಒಂದು ನಿಟ್ಟುಸಿರು. ಆಮೇಲೆ ಹೆಜ್ಜೆಗಳು ನಿಧಾನವಾಗಿ ಎಡಗಡೆಗೆ ಹೊರಳಿದವು.

ಅಲ್ಲಿ ನಿಂತವು.

ಹೊಸ ಹಿಡಿಕೆ ಒಮ್ಮೆ ಅಲ್ಲಾಡಿತು, ಗಟ್ಟಿಯಿದೆಯೇ ಎಂದು ಪರೀಕ್ಷಿಸಿದ ಹಾಗೆ. ಮೊದಲ ಮೆಟ್ಟಿಲು ಕಿರ್ರೆಂದಿತು. ಎರಡನೆಯದೂ ಕಿರ್ರೆಂದಿತು. ಬಾಗಿಲು ತಾನಾಗಿ ತೆರೆದು, ಬಹಳ ಮರ್ಯಾದೆಯಿಂದ ಮುಚ್ಚಿಕೊಂಡಿತು. ಮುಂದಿನ ಸೀಟು ಕುಸಿದು, ಅದರ ಜೊತೆ ಹೊಸ ಸ್ಪ್ರಿಂಗೂ ಹೊಸ ಸ್ಪೇಸರೂ ಎಡಕ್ಕೆ ಕುಸಿದವು. ಗುಳ್ಳೆ ಬಲಕ್ಕೆ ಓಡಿ ಬೆಳಗಿನ ಮೂಲೆಯನ್ನೇ ಸೇರಿತು.

ಸಾಹುಕಾರರು ತಲೆಯೆತ್ತದೆ ಹೇಳಿದರು. "ಮುಂದೆ ಕೂತಿರೋರನ್ನ ಇಳಿಯೋಕೆ ಹೇಳಪ್ಪ. ಅದು ನಾನು ಕೂರೋ ಜಾಗ."

ಮೆಲ್ಲಣ್ಣ ಕಿಟಕಿಯ ಬಳಿ ಹೋದ. ಒಳಗೆ ಯಾರೂ ಇರಲಿಲ್ಲ. ಕಿಟಕಿಯ ಹಿಡಿ ಮಾತ್ರ ತಾನಾಗಿ ತಿರುಗುತ್ತಾ ಗಾಜು ಇಳಿಯುತ್ತಿತ್ತು. "ಯಜಮಾನ್ರೇ, ಕೈ ಮುಗೀತೀನಿ, ಇವತ್ತೊಂದು ದಿನ ಇಳೀರಿ" ಎಂದು ಪಿಸುಗುಟ್ಟಿದ. ಉತ್ತರವಾಗಿ ಸೀಟು ಹಿಂದಕ್ಕೆ ಜರುಗಿತು. ನೋವಿನ ಮಂಡಿಗಳನ್ನು ಬಹಳ ವರ್ಷದ ಮೇಲೆ ನೀಡಿಕೊಂಡವರು ತೃಪ್ತಿಯಿಂದ ‘ಹಾಂ’ ಎಂದರು.

ಗುಳ್ಳೆ ಮೂಲೆ ಬಿಟ್ಟು ಕದಲದ್ದನ್ನು ನೋಡಿ ಸಾಹುಕಾರರು ರಸಮಟ್ಟವನ್ನು ಜೇಬಿಗೆ ಸೇರಿಸಿ ಬಾಮೈದನ ಕಡೆ ತಿರುಗಿದರು. ಅಷ್ಟರಲ್ಲಿ ಮೆಲ್ಲಣ್ಣನ ಫೋನು ಹೊಡೆದುಕೊಂಡಿತು. ಎದುರುಮನೆ ಮಾವ.

"ಏನಯ್ಯ, ಮೆಟ್ಟಿಲು ಹೇಗಿದೆ? ಹತ್ತೋಕೆ ಅನುಕೂಲ ಆಯ್ತಾ?"

ಮೆಲ್ಲಣ್ಣ ಕಿಟಕಿಯೊಳಗಿನ ಸೀಟನ್ನು ನೋಡಿದ.

"ಆಯ್ತು ಮಾವ" ಎಂದ. "ಬಹಳ ಅನುಕೂಲ ಆಯ್ತು."