ಸೆರಗಿನ ಮೂಲೆಯ ಗುರುತು

ಬಂಗಾರಪೇಟೆಯ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ಕೋದಂಡಪ್ಪನವರಿಗೆ ದೇವರು ಎಲ್ಲವನ್ನೂ ಕೊಟ್ಟು, ಕೆಂಪು ಯಾವುದು ಹಸಿರು ಯಾವುದು ಎಂದು ಹೇಳಿಕೊಡುವುದನ್ನು ಮಾತ್ರ ಮರೆತಿದ್ದ. ಟೊಮೇಟೊ ಹಣ್ಣೂ ಕಾಯಿಯೂ ಅವರ ಕಣ್ಣಿಗೆ ಅವಳಿ ಜವಳಿ. ಈ ಗುಟ್ಟು ಹೆಂಡತಿ ಮುನಿನಾರಾಯಣಮ್ಮನಿಗೆ ಮಾತ್ರ ಗೊತ್ತು. ಊರಿಗೆ ತಿಳಿದರೆ ಅಂಗಡಿಗೆ ಬೀಗವೇ! ಬಣ್ಣ ಕಾಣದವನ ಹತ್ತಿರ ಮದುವೆ ಸೀರೆ ಕೊಳ್ಳುವವರುಂಟೇ?

ದಿನಾ ಬೆಳಿಗ್ಗೆ ಅವಳೇ ಬಂದು ಕೆಂಪು ಮೇಲೆ, ಹಸಿರು ಕೆಳಗೆ ಜೋಡಿಸಿ ಹೋಗುತ್ತಿದ್ದಳು. ನಾಲ್ಕು ಗಿರಾಕಿ ಕೈಯಾಡಿಸಿದರೆ ಮುಗಿಯಿತು, ಪ್ರಳಯ. ಕೊನೆಗೆ ಕೋದಂಡಪ್ಪನವರಿಗೆ ಜ್ಞಾನೋದಯವಾಯಿತು.

"ಲೇ, ಸೀರೆ ಮೂಲೇಲಿ ಕರೀ ದಾರದಲ್ಲಿ ಗುರುತು ಆಕು. ಕೆಂಪಿಗೆ ಚುಕ್ಕಿ, ಅಸ್ರಿಗೆ ಗೆರೆ."

"ಓಸ ಸೀರೆಗೆ ಸೂಜಿ ಚುಚ್ಚೋದಾ? ಇನ್ನೊಂದ್ಸಲ ಯೋಚ್ನೆ ಮಾಡಿ."

"ಯಾಪಾರ ನಂಗೆ ಏಳ್ಕೊಡಬ್ಯಾಡ!"

(ಗರ್ಜಿಸಿದ್ದು ಅವರೇ, ಕೂತು ಸೂಜಿಗೆ ದಾರ ಪೋಣಿಸಿಕೊಟ್ಟದ್ದೂ ಅವರೇ.)

ಮಾರನೆಯ ದಿನ ಚಿನ್ನದ ಗಣಿಯ ಊರಿಗಾಂನಿಂದ ಮಾರಿಯಮ್ಮ ಎಂಬಾಕೆ ನೆಂಟರ ದಂಡು ಕಟ್ಟಿಕೊಂಡು ಬಂದಳು. "ಮಗಳ ಮದ್ವೆಗೆ ಕೆಂಪು ಸೀರೆ ತೋರ್ಸಣ್ಣಾ."

ಕೋದಂಡಪ್ಪನವರು ಚುಕ್ಕಿ ನೋಡಿಕೊಂಡು ಚಕ್ರವರ್ತಿಯ ಠೀವಿಯಿಂದ ಸೀರೆ ಹರಡಿದರು. ಮಾರಿಯಮ್ಮನ ಬೆರಳು ಸೀದಾ ಮೂಲೆಗೇ ಹೋಯಿತು.

"ಅಯ್ಯೋ ಮುರುಗಾ! ದೋಬಿ ಗುರುತು! ಯಾರೋ ಉಟ್ಟು ಒಗ್ಯಕ್ಕೆ ಆಕಿರೋ ಸೀರೇನ ಓಸ್ದು ಅಂತ ಮಾರ್ತೀಯಾ?"

ನೆಂಟರು ಒಂದೊಂದೇ ಸೀರೆ ಎಳೆದು ನೋಡಿದರು. ಎಲ್ಲದರಲ್ಲೂ ಗುರುತು! ಬಜಾರೆಲ್ಲ ಬಾಗಿಲಿಗೆ ಬಂತು.

"ಅದು ಮಿಲ್ಲಿನ ಗುರುತಮ್ಮಾ..."

"ಮಿಲ್ಲಲ್ಲಿ ಇಂಗೆ ಸೊಟ್ಟಸೊಟ್ಟಗೆ ಒಲೀತಾರಾ? ಮೋಸಗಾರ!"

ಊಟದ ಬುತ್ತಿ ಹಿಡಿದು ಬಂದ ಮುನಿನಾರಾಯಣಮ್ಮ ಇದನ್ನು ಕೇಳಿ ಕೆರಳಿದಳು. (ಗಂಡನನ್ನು ಬೈಯುವ ಹಕ್ಕು ಅವಳೊಬ್ಬಳದೇ.)

"ಯಾರಮ್ಮಾ ಮೋಸಗಾರ? ನಮ್ಮೆಜಮಾನ್ರಿಗೆ ಕೆಂಪು, ಅಸ್ರು ಗೊತ್ತಾಗಲ್ಲ, ಅಷ್ಟೇಯ! ಆ ಸೊಟ್ಟ ಒಲಿಗೆ ನಂದು!"

ಕೋದಂಡಪ್ಪನವರು ಕಣ್ಣು ಮುಚ್ಚಿದರು. ಮಾರಿಯಮ್ಮ ಸೀರೆ ಮೂಸಿ ನೋಡಿದಳು. ಇನ್ನೂ ನೀರು ಕಾಣದ ಹೊಸ ಗಂಜಿಯ ವಾಸನೆ.

"ಅಂಗಾದ್ರೆ ಅಣ್ಣ ಪಕ್ಕಕ್ಕೆ ಜರುಗ್ಲಿ. ಅಕ್ಕಾ, ನೀನೇ ಕೂತ್ಕೊಂಡು ತೋರ್ಸು."

ಆವತ್ತು ಏರಿದ ಗಾದಿಯಿಂದ ಅಕ್ಕ ಇಳಿಯಲಿಲ್ಲ. ವ್ಯಾಪಾರವೂ ಏರಿತು. ಗಂಡನಿಗೆ ಅಂಗಡಿಯಲ್ಲಿ ಪಂಚೆ ಇಟ್ಟಿದ್ದ ಮೂಲೆ ಬಿಟ್ಟುಕೊಟ್ಟು, "ಅಲ್ಲಿರೋದೆಲ್ಲಾ ಬಿಳೀದೇ, ಧೈರ್ಯವಾಗಿ ಮಾರ್ಕೊಳಿ" ಎಂದಳು.

ಕೋದಂಡಪ್ಪನವರು ಮೀಸೆ ತಿರುವಿ ಕೂತರು. ಮೊದಲ ಗಿರಾಕಿ ಬಂದ.

"ಕೆಂಪಂಚಿನ ಪಂಚೆ ಕೊಡಿ ಸಾಮೀ."

ಕೋದಂಡಪ್ಪನವರು ಎರಡು ಕೈಯಲ್ಲಿ ಎರಡು ಪಂಚೆ ಹಿಡಿದು ಗಂಭೀರವಾಗಿ ಕೆಮ್ಮಿದರು. ಸೀರೆ ನೋಡುತ್ತಿದ್ದ ಹೆಂಗಸರೆಲ್ಲ ಒಕ್ಕೊರಲಿನಿಂದ ಕೂಗಿದರು:

"ಎಡಗೈಲಿರೋದಣ್ಣಾ!"