ಮೊಮ್ಮಗಳಿಗೆ ಒಳಗಿನಿಂದ ಕಾಲರ್ ತೊಡಿಸಿದವರಿಗೆ

ಮಾನ್ಯ ರಕ್ತನಾಳದವರೇ,

ಏಳು ತಿಂಗಳ ನನ್ನ ಮೊಮ್ಮಗಳ ಎದೆಯೊಳಗೆ, ಯಾರ ಅಪ್ಪಣೆಯೂ ಇಲ್ಲದೆ, ಉಸಿರುಕೊಳವೆಯನ್ನೂ ಅನ್ನನಾಳವನ್ನೂ ಒಟ್ಟಿಗೇ ತಬ್ಬಿಕೊಂಡು ಸುಖವಾಗಿ ವಾಸಿಸುತ್ತಿರುವ ತಮಗೆ, ನಲವತ್ತು ವರ್ಷದ ಹೊಲಿಗೆಯಿಂದ ಬಾಗಿದ ಬೆನ್ನನ್ನು ಇನ್ನಷ್ಟು ಬಾಗಿಸಿ ಈ ದರ್ಜಿ ಮಾಡುವ ನಮಸ್ಕಾರಗಳು.

ಮೊದಲು ಮಗುವಿನ ಉಸಿರಿನಲ್ಲಿ ತಾವು ಊದುವ ಸಿಳ್ಳೆಯ ಶಿಸ್ತನ್ನು ಹೊಗಳಬೇಕು. ನನ್ನ ಹೊಲಿಗೆ ಯಂತ್ರವಾದರೂ ಆಗಾಗ ಮುನಿಸಿಕೊಂಡು ಸುಮ್ಮನಾಗುತ್ತದೆ. ತಾವು ಐದು ತಿಂಗಳಲ್ಲಿ ಒಂದು ದಿನವೂ ರಜೆ ಹಾಕಲಿಲ್ಲ. ಪಕ್ಕದ ಮನೆಯವರು ಕಫ ಎಂದರು, ಮೊದಲಿನ ಡಾಕ್ಟರು ಆಸ್ತಮಾ ಎಂದರು, ಆವಿ ಯಂತ್ರದ ಮಂಜಿನಲ್ಲಿ ಮಗುವಿನ ಮುಖವೇ ಕಾಣದಾಯಿತು. ತಾವು ಮಾತ್ರ ಜಗ್ಗಲಿಲ್ಲ.

ನಾನಾದರೋ ದರ್ಜಿ. ಯಾರಿಗೆ ಉಸಿರು ಕಟ್ಟಿದರೂ ನನಗೆ ತೋಚುವುದು ಒಂದೇ: ಕಾಲರ್ ಬಿಗಿಯಾಗಿದೆ. ಹಾಗಾಗಿ ಅವಳ ಫ್ರಾಕುಗಳ ಕುತ್ತಿಗೆಯನ್ನು ವಾರವಾರವೂ ಅರ್ಧ ಅಂಗುಲ ಸಡಿಲಿಸುತ್ತಾ ಹೋದೆ. ಕೊನೆಗೊಂದು ಫ್ರಾಕು ಹೆಗಲಿಂದ ಜಾರಿ ಸೊಂಟದಲ್ಲಿ ನಿಂತಾಗ ಸೊಸೆ, “ಮಾವ, ಇನ್ಮೇಲೆ ಇದನ್ನ ಲಂಗ ಅಂತಾನೇ ಕರೆಯೋಣ” ಎಂದಳು. ಹಾಲು ಕುಡಿಯುವಾಗ ಮಗು ಕತ್ತನ್ನು ಹಿಂದಕ್ಕೆ ಚಾಚಿ ಸೂರು ನೋಡುತ್ತಿದ್ದುದನ್ನು ಮನೆಮಂದಿಯೆಲ್ಲ ಠೀವಿ ಎಂದು ಮೆಚ್ಚಿಕೊಂಡೆವು.

ಹೊಸ ಡಾಕ್ಟರಮ್ಮ ತಮ್ಮನ್ನು ಹಿಡಿದದ್ದು ಆ ಠೀವಿಯಲ್ಲೇ. ಎದೆಗೆ ಸ್ಟೆತಾಸ್ಕೋಪು ಇಡುವ ಮೊದಲೇ, “ಸ್ವಲ್ಪ ಹಾಲು ಕುಡಿಸಿ, ನೋಡ್ತೀನಿ” ಎಂದು ಎದುರಿಗೆ ಕುಳಿತವರು, “ಇವಳು ಸೂರು ನೋಡ್ತಿಲ್ಲ ತಾತ, ಉಸಿರಿಗೆ ದಾರಿ ಮಾಡ್ಕೊಳ್ತಿದಾಳೆ. ಔಷಧಿಗೆ ಬಗ್ಗದ ಸಿಳ್ಳೆಯೆಲ್ಲ ಆಸ್ತಮಾ ಅಲ್ಲ” ಎಂದರು. ಸ್ಕ್ಯಾನಿನಲ್ಲಿ ತಾವು ಉಂಗುರವಾಗಿ ಕಂಡಿರಿ. ಬಿಗಿಯಾಗಿದ್ದದ್ದು ಕಾಲರೇ, ನಾನು ಬಿಚ್ಚಿದ್ದು ಮಾತ್ರ ಬೇರೆ ಕಾಲರು.

ಆದ್ದರಿಂದ ವಿನಂತಿ: ತಾವಾಗಿಯೇ ಎರಡು ಬೆರಳು ಆಚೆ ಸರಿಯಬೇಕು. ಅಷ್ಟು ಬಿಡುವಿಲ್ಲದಿದ್ದರೆ ಗುರುವಾರ ಬೆಳಿಗ್ಗೆ ಶಸ್ತ್ರವೈದ್ಯರು ಕತ್ತರಿಯೊಡನೆ ತಮ್ಮನ್ನು ಕಾಣಲು ಬರುತ್ತಾರೆ. ಜೀವಮಾನವಿಡೀ ಕತ್ತರಿ ಹಿಡಿದವನು ನಾನು. ಆ ಕತ್ತರಿಯನ್ನು ನೆನೆದು ನನ್ನದನ್ನು ಪೆಟ್ಟಿಗೆಯೊಳಗೆ ಇಟ್ಟುಬಿಟ್ಟೆ. ನನಗೆ ಭಯವಾಗಿದೆ. ಅವಳನ್ನು ನೋಯಿಸದೆ ಬಿಟ್ಟುಕೊಡಿ, ಸಾಕು.

ರೋಗನಿದಾನದಲ್ಲಿ ಅರ್ಧ ಅಂಕ ಗಳಿಸಿದ
ತಮ್ಮ ವಿಶ್ವಾಸಿ,
ದರ್ಜಿ ತಾತ

ವಿ.ಸೂ.: ತಮ್ಮ ವಿಳಾಸಕ್ಕೆ ಅಂಚೆಯಿಲ್ಲದ ಕಾರಣ ಪತ್ರಕ್ಕಿಂತ ಮೊದಲು ಕತ್ತರಿಯೇ ತಲುಪಿತು, ಕ್ಷಮಿಸಿ. ತಾವು ಬಿಟ್ಟುಹೋದ ಚೂರು ಸಿಳ್ಳೆಗೂ ಡಾಕ್ಟರಮ್ಮ ಕೆಲವು ತಿಂಗಳ ಗಡುವು ಕೊಟ್ಟಿದ್ದಾರೆ. ಇವತ್ತು ಮಗು ಸೂರು ನೋಡಲಿಲ್ಲ. ಬಾಟಲಿ ಖಾಲಿಯಾಗುವ ತನಕ ನನ್ನ ಮುಖವನ್ನೇ ನೋಡುತ್ತಿದ್ದಳು.